ಎದೆ ಗಟ್ಟಿಯಾಗೈತೆ

ಭಾನುವಾರ ಬೆಳಗ್ಗೆ ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುತ್ತಿದ್ದೆ. ಫೋನ್ ಬಂತು. ಹುತ್ತೂರಿನಿಂದ ಸರೋಜ.

ಸರೋಜ ನನ್ನ ಓರಗಿತ್ತಿ. ನನ್ನ ಗಂಡನ ತಮ್ಮ ನಾರಾಯಣಸ್ವಾಮಿಯ ಹೆಂಡತಿ. ನಾವಿರುವುದು ಕೋಲಾರದಲ್ಲಿ. ಅವರು ಹುತ್ತೂರಿನಲ್ಲೇ ಹಿಪ್ಪುನೇರಳೆ ಹಾಕಿಕೊಂಡು, ರೇಷ್ಮೆ ಹುಳ ಸಾಕಿಕೊಂಡಿದ್ದಾರೆ. ಅವರ ಮನೆಯಲ್ಲಿ ಫೋನ್ ಸಿಗ್ನಲ್ ಎಂಬುದು ಹುಳುಮನೆಯ ಬಾಗಿಲಿಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಒಳಗೆ ಬರುವುದಿಲ್ಲ. ಹಾಗಾಗಿ ಅವಳ ಮಾತು ಅರ್ಧ ಕೇಳುತ್ತದೆ, ಇನ್ನರ್ಧ ನಾವೇ ತುಂಬಿಸಿಕೊಳ್ಳಬೇಕು.

"ಗಟ್ಟಿಯಾಗಿ ಹೇಳೇ, ಕೇಳಿಸ್ತಿಲ್ಲ" ಎಂದು ಕೂಗಿದೆ.

"ಅದೇ ಅಕ್ಕ, ಎದೆ ಗಟ್ಟಿಯಾಗೈತೆ ಅಂದೆ."

"ಭೇಷ್! ಹಂಗಿರ್ಬೇಕು ನೋಡು" ಎಂದೆ.

ಆ ಕಡೆಯಿಂದ ಅವಳು "ಹಂಗಂತೀಯಾ? ಸರಿ ಬಿಡಕ್ಕ" ಎಂದಳು. ನಾನು ಫೋನಿಟ್ಟು ಇಡ್ಲಿ ಪಾತ್ರೆಯ ಮುಚ್ಚಳ ಹಾಕಿದೆ. ಅವತ್ತಿನ ಇಡ್ಲಿ ಹೂವಿನಂತೆ ಬಂದಿತ್ತು. ಮನಸ್ಸೂ ಹಗುರವಾಗಿತ್ತು.

ಹಗುರವಾಗಲು ಕಾರಣವಿತ್ತು. ಎರಡು ವರ್ಷದ ಹಿಂದೆ ಸರೋಜಳ ಎಡಗಡೆ ಒಂದು ಗಂಟು ಕಾಣಿಸಿತು. ಅಂದಿನಿಂದ ಮನೆಮಂದಿಯೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು: ಎದೆ ಗಟ್ಟಿ ಮಾಡ್ಕೋ. ಬಯಾಪ್ಸಿಗೆ ಕರೆದೊಯ್ದಾಗ ಎದೆ ಗಟ್ಟಿ ಮಾಡ್ಕೋ. ಕೀಮೋದಲ್ಲಿ ಕೂದಲು ದಿಂಬಿನ ಮೇಲೆ ಉಳಿದಾಗ ಎದೆ ಗಟ್ಟಿ ಮಾಡ್ಕೋ. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಎದೆಯನ್ನೇ ತೆಗೆಯಬೇಕು ಎಂದಾಗಲೂ ನಾವು ಅದನ್ನೇ ಹೇಳಿದೆವು. (ತೆಗೆಯುವುದನ್ನೇ ಗಟ್ಟಿ ಮಾಡಿಕೋ ಎಂದರೆ ಏನರ್ಥ ಎಂದು ಆಗ ಯಾರಿಗೂ ಹೊಳೆಯಲಿಲ್ಲ.)

ತೆಗೆದ ಜಾಗದಲ್ಲಿ ಇಂಪ್ಲಾಂಟ್ ಕೂರಿಸಿದರು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಿಲಿಕೋನ್ ತುಂಬಿದ ಮೆತ್ತನೆಯ ಚೀಲ ಅದು. ಹಳೆಯ ಆಕಾರ ಮತ್ತೆ ಬರಲಿ ಎಂದು ಒಳಗಿಟ್ಟು ಹೊಲಿಯುತ್ತಾರೆ. ಅದಾದ ಮೇಲೆ ರೇಡಿಯೇಷನ್ ಆಯಿತು. ಕೊನೆಗೊಂದು ದಿನ ಡಾಕ್ಟರು "ಸದ್ಯಕ್ಕೆ ಕ್ಯಾನ್ಸರ್ ಕಾಣಿಸ್ತಿಲ್ಲ" ಎಂದರು. ಆಮೇಲೆ ಅವರು ಇನ್ನೂ ಏನೇನೋ ಹೇಳಿದರು. ಆದರೆ ಆ ಒಂದು ವಾಕ್ಯ ಕಿವಿಗೆ ಬಿದ್ದ ಮೇಲೆ ನಮ್ಮ ಕಿವಿಗಳು ರಜೆ ಹಾಕಿ ಮನೆಗೆ ಹೋದವು. ನಾರಾಯಣಸ್ವಾಮಿ ಕಾರಿಡಾರಿನಲ್ಲಿ ನಿಂತು ಅತ್ತ. ಅವನಿಗೆ ಟವೆಲ್ ಕೊಡುವ ಗಡಿಬಿಡಿಯಲ್ಲಿ ನಾನೂ ಏನೂ ಕೇಳಿಸಿಕೊಳ್ಳಲಿಲ್ಲ.

ಅಂಥವಳು ತಾನಾಗಿ ಫೋನ್ ಮಾಡಿ ಎದೆ ಗಟ್ಟಿಯಾಗೈತೆ ಎಂದರೆ ಭೇಷ್ ಎನ್ನದೆ ಇನ್ನೇನನ್ನಲಿ?

ಮುಂದಿನ ವಾರ ನಾರಾಯಣಸ್ವಾಮಿಯ ಫೋನ್. "ಅತ್ತಿಗೆ, ಕುರುಡುಮಲೆ ಗಣಪತಿಗೆ ಹರಕೆ ಹೊತ್ತಿದ್ನಲ್ಲ, ತೀರಿಸ್ಬಿಡೋಣ. ನೀವೂ ಬನ್ನಿ. ಕೋಲಾರದಲ್ಲೇ ಹತ್ತಿಸ್ಕೊಂತೀವಿ."

ನಮ್ಮ ಯಜಮಾನರು ಸೊಂಟ ನೋವು ಎಂದು ತಪ್ಪಿಸಿಕೊಂಡರು. (ದೇವಸ್ಥಾನ ಎಂದಾಗಷ್ಟೇ ಬರುವ ನೋವು ಅದು.) ಕಾರಿನಲ್ಲಿ ಮುಂದೆ ನಾರಾಯಣಸ್ವಾಮಿ, ಅವನ ಪಕ್ಕ ನಮ್ಮ ಅತ್ತೆ. ಹಿಂದೆ ನಾನು, ನನ್ನ ಬಲಕ್ಕೆ ಸರೋಜ, ನಡುವೆ ಹೂವಿನ ಚೀಲ. ಅತ್ತೆಯ ತವರು ನಂಗಲಿ ಕಡೆ. ಆಂಧ್ರದ ಗಡಿಯಲ್ಲೇ ಹುಟ್ಟಿ ಬೆಳೆದವರು. ಖುಷಿಯಾದರೂ ಸಿಟ್ಟು ಬಂದರೂ ಅವರ ಬಾಯಲ್ಲಿ ತೆಲುಗೇ ಬರುವುದು. ಅವತ್ತು ಮುಳಬಾಗಿಲು ಬರುವವರೆಗೂ ತೆಲುಗೇ ತೆಲುಗು. ಅಷ್ಟು ಖುಷಿ.

ಮುಳಬಾಗಿಲು ಇನ್ನೂ ಸ್ವಲ್ಪ ದೂರವಿತ್ತು. ಮುಂದೆ ಹೋಗುತ್ತಿದ್ದ ಟೊಮೆಟೊ ಲಾರಿ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿತು. ನಾರಾಯಣಸ್ವಾಮಿಯೂ ಹಾಕಿದ. ನಾನು ಹೂವಿನ ಚೀಲ ಹಿಡಿಯಲು ಹೋದೆ. ನನ್ನ ಮೊಣಕೈ ಸರೋಜಳ ಎಡಗಡೆಗೆ ಬಡಿಯಿತು.

ಮಣೆಗೆ ಬಡಿದ ಹಾಗಾಯಿತು.

ಅವಳು "ಸ್ಸ್" ಎಂದು ತುಟಿ ಕಚ್ಚಿದಳು. ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯ ಆಚೆ ನೋಡಿದಳು. ಮುಂದಿನ ಸೀಟಿನಿಂದ ಅತ್ತೆ "ಏಮೈಂದೇ?" ಎಂದರು. "ಏನಿಲ್ಲ ಅತ್ತೆ, ಹೂವು" ಎಂದೆ. ನನ್ನ ಮೊಣಕೈ ಅಲ್ಲಿಂದಾಚೆಗೆ ನನ್ನದಾಗಿರಲಿಲ್ಲ. ಅದು ತನಗೆ ತಗುಲಿದ್ದನ್ನೇ ನೆನೆಯುತ್ತ ಕೂತಿತ್ತು. ಮೆತ್ತನೆಯ ಚೀಲ ಎಂದಿದ್ದರಲ್ಲ? ಇದೇನಿದು?

ನನ್ನ ಅಂಕಣ ಓದುವವರಿಗೆ ಗೊತ್ತಿದೆ, ನಾನು ಹುಟ್ಟಾ ಗಾಬರಿಯವಳು. ಮನೆಯವರು ವಾಕಿಂಗ್‌ನಿಂದ ಬರುವುದು ಸ್ವಲ್ಪ ತಡವಾದರೆ ಆಂಬುಲೆನ್ಸ್ ಸದ್ದು ಕೇಳಿಸುವಂಥವಳು. ಆದರೆ ಅವತ್ತು ಕಾರಿನಲ್ಲಿ ಆದದ್ದು ಆ ಜಾತಿಯ ಗಾಬರಿಯಾಗಿರಲಿಲ್ಲ. ಹೂವಿನ ಚೀಲವನ್ನು ತೊಡೆಗೆತ್ತಿಕೊಂಡು ದಾರಿಯ ಮೈಲಿಗಲ್ಲು ಎಣಿಸತೊಡಗಿದೆ.

ಕುರುಡುಮಲೆಯಲ್ಲಿ ನಾರಾಯಣಸ್ವಾಮಿ ತೆಂಗಿನಕಾಯಿ ತರಲು ಹೋದ. ಅತ್ತೆ ಪೂಜಾರಿಗಳನ್ನು ಮಾತಾಡಿಸಲು ಮುಂದೆ ಹೋದರು. ನಾನು ಸರೋಜಳ ಕೈ ಹಿಡಿದು ಗೋಡೆಯ ನೆರಳಿಗೆ ಎಳೆದುಕೊಂಡು ಬಂದೆ.

"ಏನೇ ಅದು? ಕಲ್ಲಿನ ಹಾಗಿದ್ಯಲ್ಲ?"

"ಅದೇ ಅಕ್ಕ, ಗಟ್ಟಿಯಾಗೈತೆ."

"ಯಾವಾಗಿಂದ?"

"ಯುಗಾದಿ ಕಳೆದ ಮೇಲೆ ಶುರುವಾಯ್ತು. ಬರ್ತಾ ಬರ್ತಾ ಜಾಸ್ತಿಯಾಯ್ತು."

"ಯಾಕೆ ಹೇಳ್ಲಿಲ್ಲ?"

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಹೇಳಿದ್ನಲ್ಲಕ್ಕ ಫೋನ್‌ನಲ್ಲಿ? ನೀನೇ ಭೇಷ್ ಅಂದೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

"ಅತ್ತೆಗೆ ಹೇಳಿದ್ಯಾ?"

"ಮೊದ್ಲು ಅವ್ರಿಗೇ ಹೇಳಿದ್ದು. ದೇವುಡು ಚಲ್ಲಗಾ ಚೂಶಾಡು ಅಂದ್ರು. ದೇವರು ತಣ್ಣಗೆ ನೋಡ್ದ ಅಂತ."

"ನಿನ್ನ ಗಂಡನಿಗೆ?"

"ಎದೆ ಗಟ್ಟಿಯಾಯ್ತು ಅಂದೆ. ಅದಕ್ಕೇ ಅಲ್ವಾ ಅವ್ರು ಹರಕೆ ತೀರ್ಸೋಣ ಅಂದಿದ್ದು. ಇವತ್ತು ನಾವು ಬಂದಿರೋದೇ ಅದಕ್ಕೆ."

ನೋಡಿ, ಹೇಗಿದೆ? ಒಬ್ಬ ಹೆಂಗಸು ತನ್ನ ಮೈಗೆ ಆಗಬಾರದ್ದು ಏನೋ ಆಗುತ್ತಿದೆ ಎಂದು ಮನೆಯಲ್ಲಿ ಒಬ್ಬೊಬ್ಬರಿಗೂ ಹೇಳುತ್ತಾಳೆ. ನಾವು ಒಬ್ಬೊಬ್ಬರೂ ಸಂತೋಷಪಟ್ಟು, ಹೂವು ಹಣ್ಣು ಕಟ್ಟಿಕೊಂಡು, ಕಾರು ಮಾಡಿಕೊಂಡು ದೇವರಿಗೆ ಥ್ಯಾಂಕ್ಸ್ ಹೇಳಲು ಹೊರಡುತ್ತೇವೆ.

"ನಿನಗಾದ್ರೂ ಭಯ ಆಗ್ಲಿಲ್ವೇನೇ?"

"ಯಾಕೆ ಭಯ? ಗೂಡು ಮೆತ್ತಗಿದ್ರೆ ತಾನೇ ಭಯ? ಗಟ್ಟಿಯಾಗೈತೆ ಅಂದ್ರೆ ಒಳಗೆ ಚೆನ್ನಾಗಿ ಕೂತ್ಕೊಂಡೈತೆ ಅನ್ಕೊಂಡೆ."

ಅವಳ ಮಟ್ಟಿಗೆ ಅದು ಸರಿಯೇ. ರೇಷ್ಮೆ ಗೂಡನ್ನು ಮಾರ್ಕೆಟ್ಟಿಗೆ ಹಾಕುವವರು ಮೊದಲು ಬೆರಳಲ್ಲಿ ಒತ್ತಿ ನೋಡುತ್ತಾರೆ. ಗಟ್ಟಿಯಿದ್ದರೆ ಹುಳ ಚೆನ್ನಾಗಿ ನೂತಿದೆ ಎಂದರ್ಥ. ಬೆರಳಿಗೆ ಬಗ್ಗಿದರೆ ಆ ಬೆಳೆ ಕೆಟ್ಟ ಹಾಗೆ. ಮದುವೆಯಾಗಿ ಬಂದಾಗಿನಿಂದ ಒತ್ತಿ ನೋಡಿ ನೋಡಿ ಅವಳ ಬೆರಳಿಗೆ ಗಟ್ಟಿ ಎಂದರೆ ಒಳ್ಳೆಯದು ಎಂದೇ ಅಭ್ಯಾಸವಾಗಿದೆ. ತನ್ನ ಮೈಯನ್ನೂ ಹಾಗೇ ಒತ್ತಿ ನೋಡಿಕೊಂಡು ಪಾಸ್ ಮಾಡಿಬಿಟ್ಟಿದ್ದಾಳೆ.

"ನೋವಿದ್ಯಾ?"

ಆಗ ತಲೆ ತಗ್ಗಿಸಿದಳು. "ಐತೆ. ಸೊಪ್ಪಿನ ಹೊರೆ ಎತ್ತಕ್ಕಾಗಲ್ಲ. ಆ ಕಡೆ ಮಗ್ಗುಲಾಗಿ ಮಲಗಕ್ಕಾಗಲ್ಲ. ಮೇಲಕ್ಕೆ ಹಿಡಿದು ಎಳ್ದಂಗೆ. ರವಿಕೆ ಹಾಕ್ಕೊಂಡ್ರೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಸೆರಗು ಹೊದ್ಕೊಂತೀನಿ, ಯಾರಿಗೂ ಗೊತ್ತಾಗಲ್ಲ."

ಒಳಗೆ ಘಂಟೆ ಬಾರಿಸಿದರು. ಹೋಗಿ ನಿಂತೆವು. ಅಷ್ಟೆತ್ತರದ ಗಣಪತಿಯ ಮುಂದೆ ಅತ್ತೆ ಕೈಮುಗಿದು ಥ್ಯಾಂಕ್ಸ್ ಹೇಳುತ್ತಿದ್ದರು. ಪಕ್ಕದಲ್ಲೇ ನಿಂತು ನಾನು ಹೊಸದಾಗಿ ಬೇಡಿಕೊಳ್ಳುತ್ತಿದ್ದೆ. ಒಂದೇ ಮನೆಯವರು, ಒಂದೇ ಮಂಗಳಾರತಿ. ದೇವರಿಗೆ ಕನ್‌ಫ್ಯೂಸ್ ಆಗಿರಬೇಕು.

ಕನ್ನಡದಲ್ಲಿ ಗಟ್ಟಿ ಎನ್ನುವುದಕ್ಕೆ ಒಂದಾದರೂ ಕೆಟ್ಟ ಅರ್ಥ ಇದೆಯಾ, ಯೋಚಿಸಿ. ಗಟ್ಟಿ ಮೊಸರು. ಗಟ್ಟಿ ಕುಳ. ಗಟ್ಟಿಮೇಳ. ಧೈರ್ಯವಂತೆಯನ್ನು ಗಟ್ಟಿಗಿತ್ತಿ ಎನ್ನುತ್ತೇವೆ. ಕಾಯಿಲೆಯಿಂದ ಎದ್ದವರನ್ನು "ಗಟ್ಟಿಯಾದ್ರಾ?" ಎಂದೇ ಕೇಳುತ್ತೇವೆ. ನಮ್ಮ ಕಡೆಯ ತೆಲುಗಿನಲ್ಲೂ ಗಟ್ಟಿ ಗಟ್ಟಿಯೇ. ಇಷ್ಟು ಮರ್ಯಾದಸ್ಥ ಪದ ಒಬ್ಬ ಹೆಂಗಸಿಗೆ ಹೀಗೆ ಮೋಸ ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಇನ್ನು ಎದೆ. ಅದರ ಕಥೆ ಇನ್ನೂ ಚೆಂದ. ಹೃದಯಕ್ಕೂ ಎದೆ, ಧೈರ್ಯಕ್ಕೂ ಎದೆ, ಗಂಡಸರು ಉಬ್ಬಿಸಿಕೊಂಡು ಓಡಾಡುವುದೂ ಎದೆ. ಹೆಂಗಸಿನ ಮೊಲೆಗೂ ನಾವು ಎದೆ ಎಂದೇ ಹೇಳಬೇಕು. (ನೋಡಿ, ಆ ಪದ ಬರೆಯುವಾಗ ನನ್ನ ಕೈಯೇ ಒಂದು ಸಲ ನಿಂತಿತು. ಪೇಪರಿನವರು ಹೊಡೆದು ಹಾಕದಿದ್ದರೆ ನಿಮಗೆ ತಲುಪೀತು.) ಮಕ್ಕಳಿಗೆ ಹಾಲು ಕೊಡುವಾಗ ಸಲೀಸಾಗಿ ಬಾಯಲ್ಲಿ ಬರುವ ಪದ, ಅದಕ್ಕೇ ಕಾಯಿಲೆ ಬಂದಾಗ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ "ಅಲ್ಲಿ", "ಆ ಕಡೆ", "ಅದು" ಎಂದು ದಾರಿ ಕೇಳುವವರ ಹಾಗೆ ಮಾತಾಡುತ್ತೇವೆ. ಸರೋಜ ಅವತ್ತು ಫೋನಿನಲ್ಲಿ ಆ ಪದವನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಭೇಷ್ ಎನ್ನುತ್ತಿದ್ದೆನಾ?

ದೇವಸ್ಥಾನದಿಂದ ಹೊರಗೆ ಬಂದವಳೇ ಆಸ್ಪತ್ರೆಗೆ ಫೋನ್ ಹಚ್ಚಿದೆ. ಎತ್ತಿಕೊಂಡ ನರ್ಸ್ ಒಳ್ಳೆಯ ಹುಡುಗಿ. ಒಂದೊಂದಾಗಿ ಕೇಳಿದಳು. ಕೆಂಪಾಗಿದೆಯಾ? ಕೀವು ಬರ್ತಿದೆಯಾ? ಊದಿಕೊಂಡಿದೆಯಾ? ಜ್ವರ ಇದೆಯಾ? ನಾನು ಒಂದೊಂದನ್ನೂ ಸರೋಜಳಿಗೆ ದಾಟಿಸಿದೆ. ಯಾವುದೂ ಇಲ್ಲ ಎಂದಳು. ಹಾಗಾದರೆ ಗುರುವಾರ ಡಾಕ್ಟರ್ ಸಿಗುತ್ತಾರೆ, ತಪ್ಪದೆ ಬನ್ನಿ, ನಡುವೆ ಜ್ವರ ಬಂದರೆ ಮಾತ್ರ ಕಾಯಬೇಡಿ, ತಕ್ಷಣ ಬನ್ನಿ ಎಂದಳು.

ಗುರುವಾರದ ತನಕ ಹೇಗೆ ಕಳೆಯುವುದು? "ಗೂಗಲ್ ನೋಡಬೇಡಿ" ಎಂದು ಇದೇ ಅಂಕಣದಲ್ಲಿ ನಿಮಗೆಲ್ಲ ಉಪದೇಶ ಮಾಡಿದವಳು ನಾನು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲು ಗೂಗಲ್ ತೆರೆದೆ. ಒಂದು ಕಡೆ, ಇಂಪ್ಲಾಂಟಿನ ಸುತ್ತ ಗಟ್ಟಿಯಾಗುವುದು ಹಲವರಿಗೆ ಆಗುತ್ತದೆ, ಅದು ಕ್ಯಾನ್ಸರ್ ಅಲ್ಲ ಎಂದಿತ್ತು. ಉಸಿರು ಬಂತು. ಇನ್ನೊಂದು ಕಡೆ, ಹೊಸದಾಗಿ ಗಟ್ಟಿ ಏನೇ ಕಂಡರೂ ಕಾಯಿಲೆ ಮರಳಿಲ್ಲ ಎಂದು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು ಎಂದಿತ್ತು. ಬಂದ ಉಸಿರು ವಾಪಸ್ ಹೋಯಿತು. ಎರಡೂ ನಿಜವೇ. ಆದರೆ ನಮ್ಮ ಸರೋಜಳದ್ದು ಯಾವುದು?

ಮಂಗಳವಾರ ತಡೆಯಲಾರದೆ ಫೋನ್ ಮಾಡಿದೆ. "ಹೇಗಿದೀಯೇ?"

"ಕೈ ಬಿಡುವಿಲ್ಲಕ್ಕ. ನಾಲ್ಕನೇ ಜ್ವರ."

"ನಾಲ್ಕನೇದಾ? ಮೂರು ಸಲ ಬಂದು ಹೋಯ್ತಾ? ಯಾಕೇ ಹೇಳ್ಲಿಲ್ಲ? ಈಗ್ಲೇ ಹೊರಡು, ನಾನು ಬಸ್ ಸ್ಟ್ಯಾಂಡಿಗೆ ಬರ್ತೀನಿ!"

ಆ ಕಡೆ ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು. "ನಂಗಲ್ಲಕ್ಕ, ಹುಳಕ್ಕೆ!"

ರೇಷ್ಮೆ ಹುಳ ಮೇವು ಬಿಟ್ಟು, ಸುಮ್ಮನೆ ತಲೆಯೆತ್ತಿ ಕೂತು, ಹಳೆಯ ಚರ್ಮ ಕಳಚುವುದಕ್ಕೆ ಇಲ್ಲೆಲ್ಲ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಗಿದೆ, ನನಗೆ ಗೊತ್ತಿಲ್ಲದ ವಿಷಯವಲ್ಲ. ಗಾಬರಿಯಲ್ಲಿ ಎಲ್ಲ ಮರೆತಿತ್ತು. ಗಾಬರಿಯಾಗಬೇಕಾದಾಗ ಭೇಷ್ ಎನ್ನುವುದು, ನಗಬೇಕಾದಾಗ ಗಾಬರಿಯಾಗುವುದು. ನನ್ನನ್ನು ನಂಬಿಕೊಂಡು ಯಾರಾದರೂ ಕಾಯಿಲೆ ಬೀಳುವುದುಂಟೆ?

"ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಸಿಕ್ಕಾಪಟ್ಟೆ ತಿಂತವೆ. ಗುರುವಾರ ಸೊಪ್ಪು ಹಾಕೋರ್ಯಾರಕ್ಕ? ಮುಂದಿನ ವಾರ ಹೋದ್ರಾಗಲ್ವಾ?"

"ಆಗಲ್ಲ ಕಣೇ" ಎಂದು ಗದರಿದೆ. ಕೊನೆಗೆ ಅತ್ತೆಯೇ ಸೊಪ್ಪು ಹಾಕಲು ಒಪ್ಪಿಕೊಂಡರು. ವಿಷಯ ಅವರಿಗೂ ಅಷ್ಟೊತ್ತಿಗೆ ಗೊತ್ತಾಗಿತ್ತು. ತೆಲುಗು ಪೂರ್ತಿ ನಿಂತುಹೋಗಿತ್ತು.

ಗುರುವಾರ ಬೆಂಗಳೂರು. ಪ್ಲಾಸ್ಟಿಕ್ ಸರ್ಜನ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೋದ ಸಲ ಇಂಪ್ಲಾಂಟ್ ಕೂರಿಸಿದವರೂ ಅವರೇ. ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟಿ ನೋಡಿದರು. ಕೈ ಎತ್ತಿಸಿದರು, ಇಳಿಸಿದರು, ಪಕ್ಕಕ್ಕೆ ತಿರುಗಿಸಿದರು. ಮುಖದಲ್ಲಿ ಏನೂ ಬಿಟ್ಟುಕೊಡಲಿಲ್ಲ. "ನನಗನಿಸೋದು ಬೇರೆ, ಆದ್ರೆ ಸ್ಕ್ಯಾನ್ ಮಾಡದೆ ಹೇಳಲ್ಲ" ಎಂದರು. ಅಲ್ಟ್ರಾಸೌಂಡ್, ಆಮೇಲೆ ಎಂಆರ್‌ಐ. ನಾರಾಯಣಸ್ವಾಮಿ ಕಾರಿಡಾರಿನ ಕುರ್ಚಿಯ ಮೇಲೆ ಕೂತು ಮೊಬೈಲನ್ನು ತಲೆಕೆಳಗಾಗಿ ಹಿಡಿದುಕೊಂಡು ನೋಡುತ್ತಿದ್ದ. ಕ್ಯಾಂಟೀನಿನಿಂದ ತಂದ ಬನ್ನು ಯಾರೂ ಮುಟ್ಟದೆ ಒಣಗಿತು.

ಆಸ್ಪತ್ರೆಯಲ್ಲಿ ಕಾದವರಿಗೆ ಗೊತ್ತು. ಒಳಗಿನಿಂದ ಯಾರೇ ಬಂದರೂ ಮೊದಲು ಅವರ ಮುಖ ಓದುತ್ತೇವೆ. ನೆಲ ಒರೆಸುವಾಕೆ ನಕ್ಕರೂ ಏನೋ ಒಳ್ಳೆಯ ಸುದ್ದಿ ಇರಬೇಕು ಅನಿಸುತ್ತದೆ. ಮೊದಲ ಸಲ ಕ್ಯಾನ್ಸರ್ ಎಂದಾಗ ನಮಗೆ ಏನೂ ಗೊತ್ತಿರಲಿಲ್ಲ, ಅದೊಂದು ಪುಣ್ಯ. ಈಗ ಎಲ್ಲ ಗೊತ್ತು. ಕೀಮೋದ ಬಾಯಿಹುಣ್ಣು ಗೊತ್ತು, ಡ್ರೈನ್ ಟ್ಯೂಬ್ ಹಿಡಿದುಕೊಂಡು ಬಾತ್‌ರೂಮಿಗೆ ಹೋಗುವುದು ಗೊತ್ತು. ಅದೆಲ್ಲ ಮತ್ತೆ ಮೊದಲಿಂದ ಎಂದರೆ ಅವಳ ಮೈ ತಡೆಯುತ್ತದಾ? ನನ್ನ ಕೈ ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇತ್ತು. ಸರೋಜ ಆ ಕೈಯ ಮೇಲೆ ತನ್ನ ಕೈ ಇಟ್ಟು "ಸುಮ್ನಿರಕ್ಕ" ಎಂದಳು. ಯಾರಿಗೆ ಯಾರು ಸಮಾಧಾನ ಹೇಳಬೇಕಿತ್ತು?

ಡಾಕ್ಟರ್ ಒಳಗೆ ಕರೆದರು. ಮೂವರೂ ಹೋದೆವು.

"ಕ್ಯಾನ್ಸರ್ ಮತ್ತೆ ಬಂದಿರೋ ಲಕ್ಷಣ ಯಾವುದೂ ಕಾಣಿಸ್ತಿಲ್ಲ" ಎಂದರು ಮೊದಲಿಗೆ.

ನಾರಾಯಣಸ್ವಾಮಿ ಎದ್ದು ನಿಂತ. ಹೋದ ಸಲದ ಹಾಗೆ ನಮ್ಮ ಕಿವಿಗಳು ರಜೆಗೆ ಹೊರಟವು. ಡಾಕ್ಟರಿಗೆ ಅನುಭವ ಇತ್ತು ಅಂತ ಕಾಣುತ್ತದೆ. "ಕೂತ್ಕೊಳಿ ಸರ್. ಇನ್ನೂ ಮುಗಿದಿಲ್ಲ. ಮುಂದಿನದನ್ನ ಪೂರ್ತಿ ಕೇಳಿಸ್ಕೊಂಡು ಆಮೇಲೆ ಖುಷಿ ಪಡಿ" ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹೊರಗಿನ ವಸ್ತು ಒಳಗೆ ಬಂದರೆ ಮೈ ಅದರ ಸುತ್ತ ತೆಳುವಾದ ಪೊರೆ ಕಟ್ಟುತ್ತದೆ. ಅದು ಎಲ್ಲರಲ್ಲೂ ಕಟ್ಟುವುದೇ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಕುಗ್ಗುತ್ತ, ಒಳಗಿನದನ್ನು ಹಿಂಡಲು ಶುರುಮಾಡುತ್ತದೆ. ಆಗ ಮೆತ್ತಗಿದ್ದದ್ದು ಕಲ್ಲಾಗುತ್ತದೆ, ಮೇಲಕ್ಕೆ ಜಗ್ಗುತ್ತದೆ, ನೋಯುತ್ತದೆ. ರೇಡಿಯೇಷನ್ ಆದವರಲ್ಲಿ ಇದು ಹೆಚ್ಚು.

ಸರೋಜ ಗಮನವಿಟ್ಟು ಕೇಳುತ್ತಿದ್ದಳು. "ಅಂದ್ರೆ ಗೂಡು ಕಟ್ಟೈತೆ" ಎಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವರು ನಕ್ಕರು. "ಹಂಗೇ ಅನ್ಕೊಳಿ. ಆದ್ರೆ ಇದು ಬಿಗಿಯಾದಷ್ಟೂ ಕೆಟ್ಟದ್ದು."

ಮುಂದೇನು? ದಾರಿಗಳು ಇವೆ ಎಂದರು. ಪೊರೆ ತೆಗೆದು ಹೊಸ ಇಂಪ್ಲಾಂಟ್ ಇಡಬಹುದು. ಇಂಪ್ಲಾಂಟ್ ಬೇಡವೆಂದರೆ ಅವಳ ಹೊಟ್ಟೆ ಅಥವಾ ಬೆನ್ನಿನ ಭಾಗದಿಂದಲೇ ಮಾಂಸ ತಂದು ಕೂರಿಸಬಹುದು, ಅದು ದೊಡ್ಡ ಆಪರೇಷನ್. ಎಲ್ಲ ತೆಗೆದು ಸಪಾಟಾಗಿ ಹೊಲಿದುಬಿಡಬಹುದು. ನೋವು ತಡೆಯುತ್ತೇನೆ ಎಂದರೆ ಸದ್ಯಕ್ಕೆ ಹೀಗೇ ಬಿಟ್ಟು ನೋಡಲೂಬಹುದು.

"ಹೊಸದು ಹಾಕಿದ್ರೆ ಮತ್ತೆ ಹಿಂಗಾಗಲ್ಲ ತಾನೇ ಮೇಡಂ? ಗ್ಯಾರಂಟಿ ಐತಾ?" ನಾರಾಯಣಸ್ವಾಮಿ ಕೇಳಿದ.

"ಇಲ್ಲ ಸರ್. ಕೆಲವರಿಗೆ ವರ್ಷಗಟ್ಟಲೆ ಚೆನ್ನಾಗಿರತ್ತೆ. ಕೆಲವರಿಗೆ ಮತ್ತೆ ಬಿಗಿಯತ್ತೆ. ಇವ್ರಿಗೆ ರೇಡಿಯೇಷನ್ ಆಗಿರೋದ್ರಿಂದ ಆ ಚಾನ್ಸ್ ಇದ್ದೇ ಇದೆ. ಬಿಗೀದೆ ಇದ್ರೂ ಇಂಪ್ಲಾಂಟ್ ಅನ್ನೋದು ಜೀವನಪೂರ್ತಿ ಬರೋ ವಸ್ತು ಅಲ್ಲ. ಇದನ್ನ ಹೋದ ಸಲವೂ ಹೇಳಿದ್ದೆ." ಆಮೇಲೆ ಸರೋಜಳ ಕಡೆ ತಿರುಗಿ, "ನಿಮಗೇನು ಬೇಕು ಯೋಚನೆ ಮಾಡಿ. ಸೋಮವಾರ ಫೋನ್ ಮಾಡಿ" ಎಂದರು.

ಕಾರಿನಲ್ಲಿ ವಾಪಸ್ ಹೊರಟೆವು. ಕ್ಯಾನ್ಸರ್ ಇಲ್ಲ ಎಂದ ಮೇಲೆ ನೆಮ್ಮದಿಯಾಗಬೇಕಿತ್ತು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೊಸಕೋಟೆ ದಾಟುವಷ್ಟರಲ್ಲಿ ಆ ನೆಮ್ಮದಿ ಮುಗಿದು ಹೊಸ ಚಿಂತೆ ಹತ್ತಿ ಕೂತಿತ್ತು.

ನಾನು ಯೋಚಿಸುತ್ತಿದ್ದೆ. ಕಳೆದ ವರ್ಷವೆಲ್ಲ ಸರೋಜಳ ಆಪರೇಷನ್ ಸಕ್ಸಸ್ ಎಂದೇ ನಾವು ಹೇಳಿಕೊಂಡು ತಿರುಗಿದೆವು. ಮಾಲೂರಿನಲ್ಲಿ ನೆಂಟರ ಮದುವೆಗೆ ಅವಳು ಬಂದಿದ್ದಳು, ಹಸಿರು ರೇಷ್ಮೆ ಸೀರೆ ಉಟ್ಟು. ಎಲ್ಲರ ಕಣ್ಣೂ ಮೊದಲು ಅವಳ ಎದೆಗೆ, ಆಮೇಲೆ ಮುಖಕ್ಕೆ. "ಏನೂ ಗೊತ್ತೇ ಆಗಲ್ಲ!" ಎಂದು ಹೊಗಳಿದ್ದೇ ಹೊಗಳಿದ್ದು. ಗೊತ್ತಾಗದಿರುವುದೇ ಸಕ್ಸಸ್. ಸೀರೆಯ ಮೇಲಿನಿಂದ ರಿಸಲ್ಟ್ ನೋಡಿ ಫಸ್ಟ್ ಕ್ಲಾಸ್ ಕೊಟ್ಟುಬಿಟ್ಟೆವು. ಅವಳಿಗೆ ಕೈ ಎತ್ತಲು ಆಗುತ್ತಿದೆಯಾ, ಮಗ್ಗುಲಾಗಲು ಆಗುತ್ತಿದೆಯಾ, ಆ ಜಾಗದಲ್ಲಿ ಮುಟ್ಟಿದರೆ ಸ್ಪರ್ಶ ತಿಳಿಯುತ್ತಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದಾದರೂ ಯಾವ ಪದದಲ್ಲಿ? ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರು ಇದ್ದರೆ ಒಮ್ಮೆ ಕೇಳಿ ನೋಡಿ. "ಹುಷಾರಾ?" ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ರಾತ್ರಿ ಯಾವ ಕಡೆ ಮಗ್ಗುಲಾಗಿ ಮಲಗ್ತೀರಾ ಎಂದು ಕೇಳಿ.

ನಿನ್ನೆ ಭಾನುವಾರ ಹುತ್ತೂರಿಗೆ ಹೋದೆ. ಸೋಮವಾರದ ಫೋನಿಗೆ ಮೊದಲು ಮನೆಯಲ್ಲಿ ಒಂದು ತೀರ್ಮಾನವಾಗಬೇಕಿತ್ತಲ್ಲ. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತೆವು.

ಅತ್ತೆ ಶುರುಮಾಡಿದರು. "ತೆಗೆಸಿ ಬಿಸಾಕು. ಮನೆಗೆ ಸೊಸೆ ಬರೋ ವಯಸ್ಸಿನಾಗೆ ಅದ್ಯಾಕೆ ಬೇಕು? ಎವುರಿಕಿ ಚೂಪಿಚ್ಚೇದಾನಿಕಿ?"

ಯಾರಿಗೆ ತೋರಿಸುವುದಕ್ಕೆ ಎಂದು. ಅತ್ತೆ ಕೆಟ್ಟವರಲ್ಲ. ಮತ್ತೆ ಚಾಕು, ಮತ್ತೆ ಆಸ್ಪತ್ರೆ ಎಂಬ ಭಯದಲ್ಲಿ ಆ ಮಾತು ಬಂದಿತ್ತು.

ನಾರಾಯಣಸ್ವಾಮಿ ಗೋಡೆ ನೋಡುತ್ತ ಹೇಳಿದ. "ಕ್ಯಾನ್ಸರ್ ಇಲ್ಲ ಅಂದ್ರಲ್ಲ. ಹಂಗೇ ಇರ್ಲಿ ಬಿಡೇ. ನೋಡೋರಿಗೆ ಏನೂ ಗೊತ್ತಾಗಲ್ಲ. ನೋವಿಗೆ ಮಾತ್ರೆ ತಗೊಂಡ್ರಾಯ್ತು. ಮತ್ತೆ ನಿನ್ನ ಆ ಬಾಗಿಲೊಳಗೆ ಕಳ್ಸಕ್ಕೆ ನನ್ ಕೈಲಾಗಲ್ಲ."

ನನ್ನ ಸರದಿ ಬಂತು. ಸುಮ್ಮನಿರಲು ನನಗೆ ಬರುವುದಿಲ್ಲವಲ್ಲ. ಓದಿಕೊಂಡು ಬಂದಿದ್ದೆ. ಅವಳದೇ ಮಾಂಸ ಇಟ್ಟರೆ ಹೀಗೆ ಬಿಗಿಯುವುದಿಲ್ಲ, ಮುಟ್ಟಲು ಮೈಯ ಹಾಗೇ ಇರುತ್ತದೆ ಎಂದು ಉಪನ್ಯಾಸ ಕೊಟ್ಟೆ. "ದೊಡ್ಡ ಆಪರೇಷನ್ನೇ. ಆದ್ರೆ ಒಂದು ಸಲ ಆಗೋದ್ರೆ ಆಯ್ತು ನೋಡು."

ಮೂವರ ಮೂರು ತೀರ್ಪು. ಸರೋಜ ಅಲ್ಲೇ ಕೂತು ಎಲೆ ಅಡಿಕೆ ತಟ್ಟೆಯನ್ನು ಅತ್ತೆಯ ಕಡೆ ತಳ್ಳಿದಳು.

"ಹೊಸದೇ ಹಾಕಿಸ್ಕೊಂತೀನಿ" ಎಂದಳು.

"ಮತ್ತೆ ಬಿಗಿದ್ರೆ?" ಎಂದ ನಾರಾಯಣಸ್ವಾಮಿ.

"ಬಿಗಿದ್ರೆ ಬಿಗೀಲಿ. ಅವಾಗ ನೋಡ್ಕೊಂತೀನಿ. ಅಷ್ಟು ವರ್ಷ ಸಿಗತ್ತಲ್ಲ."

ನನಗೆ ಒಳಗೊಳಗೇ ಸಿಟ್ಟೂ ಬಂತು, ಭಯವೂ ಆಯಿತು. ಮತ್ತೆ ಅದೇ ಟೇಬಲ್, ಮತ್ತೆ ಅದೇ ಹೊಲಿಗೆ, ಮತ್ತೆ ಕಾಯುವುದು. ಇಷ್ಟೆಲ್ಲ ನೋವು ತಿಂದವಳು ಗ್ಯಾರಂಟಿ ಇಲ್ಲದ್ದನ್ನೇ ಯಾಕೆ ಆರಿಸುತ್ತಾಳೆ? ಅತ್ತೆ ಕೇಳಿದ್ದನ್ನೇ ನಾನು ಸ್ವಲ್ಪ ನಯವಾಗಿ, ಓದಿದವರ ಕನ್ನಡದಲ್ಲಿ ಕೇಳಿದೆ.

"ಸರೋಜ, ನಮ್ಗೋಸ್ಕರ ಏನೂ ಮಾಡ್ಕೋಬೇಡ ಕಣೇ. ಸೀರೆ ಉಟ್ರೆ ಹೇಗೆ ಕಾಣತ್ತೆ, ಮದುವೆ ಮನೇಲಿ ಜನ ಏನಂತಾರೆ, ಅದನ್ನೆಲ್ಲ ತಲೆಗೆ ಹಚ್ಕೋಬೇಡ."

ಅವಳು ನನ್ನನ್ನೇ ನೋಡಿದಳು. ಎರಡು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು.

"ಜನಕ್ಕೆ ಸೆರಗು ಸಾಕಕ್ಕ. ಬಚ್ಲಮನೇಲಿ ಬಾಗಿಲು ಹಾಕ್ಕೊಂಡು ನೀರು ಹುಯ್ಕೊಳೋವಾಗ ನಾನೊಬ್ಳೇ ಇರ್ತೀನಲ್ಲ, ಅಲ್ಲಿಗೆ ಬೇಕು ನಂಗೆ."